ಹದಿನೇಳನೇ ಮನೆಯ ಗಾಳಿ

ಮೂವತ್ತೊಂದು ಎಂದು ಬರೆದವಳು ನಂಬಿಕೆಯಾಗದೆ ಮರಳಗಡಿಯಾರವನ್ನು ಮತ್ತೆ ಬೋರಲು ಹಾಕಿದೆ. ಹದಿನೆಂಟನೇ ಮನೆಯ ಮುಂಬಾಗಿಲಲ್ಲಿ ಸುತ್ತುಗೋಲನ್ನು ಎದೆಯ ಎತ್ತರಕ್ಕೆ ಹಿಡಿದು, ಅದರ ನಾಲ್ಕು ತಗಡಿನ ಎಲೆಗಳಲ್ಲಿ ಕೆಂಪು ದಾರ ಕಟ್ಟಿದ ಎಲೆ ಮೇಲೆ ಬಂದಾಗಲೆಲ್ಲ ಒಂದೊಂದು ಎಣಿಸಿದೆ. ಮರಳು ಇಳಿದು ಮುಗಿಯುವ ಹೊತ್ತಿಗೆ ಮತ್ತೆ ಮೂವತ್ತೊಂದೇ. ಸ್ವಲ್ಪ ಹೊತ್ತಿನ ಹಿಂದೆ ಹದಿನೇಳನೇ ಮನೆಯ ಮುಂಬಾಗಿಲಲ್ಲಿ ಮೂವತ್ತೆಂಟು ಇತ್ತು. ಒಂದು ಮನೆ ದಾಟುವಾಗ ಗಾಳಿ ಒಂದು ಸುತ್ತು ಕಳೆದುಕೊಳ್ಳುವುದು ಸಹಜ. ಗೋಡೆಗೆ, ಕಂಬಕ್ಕೆ, ತೊಟ್ಟಿಲಿಗೆ ಅಷ್ಟು ಹೋಗುತ್ತದೆ, ಪುರಸಭೆಯೂ ಅದನ್ನು ಕೇಳುವುದಿಲ್ಲ. ಹದಿನೇಳನೇ ಮನೆ ಏಳು ಸುತ್ತು ಇಟ್ಟುಕೊಂಡಿತ್ತು.

“ಯಾಕ ವತ್ಸಲಕ್ಕಾ, ಎರಡೆರಡ ಸಲ ಎಣಸಾಕತ್ತೀರಿ?” ಎಂದು ಒಳಗಿನಿಂದ ದ್ಯಾಮವ್ವ ಕೇಳಿದಳು. ಹದಿನೆಂಟು ಅವಳ ಮನೆ. ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು ಮೊಮ್ಮಗಳ ತೊಟ್ಟಿಲು ತೂಗುತ್ತ, ಮಡಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. “ಸೋರಿಕಿ ಆ ಹದಿನೇಳರಾಕಿ ಮನ್ಯಾಗ ಐತಿ, ನಾ ಮೊದಲಿಂದ ಹೇಳಾಕತ್ತೀನಿ. ಹಿರೇ ಮೊಮ್ಮಗನ ಕಾಲಕ್ಕ ಈ ತೊಟ್ಟಲಾ ತಾನ ತೂಗತಿತ್ತು, ಯಾರೂ ಮುಟ್ಟತಿದ್ದಿಲ್ಲ. ಈಗ ನೋಡ್ರಿ, ಗಾಣದ ಎತ್ತಿನಗತೆ ನಾ ಕಾಲ ಆಡಸಬೇಕು.”

“ನಾಳಿ ಒಳಗ ಹೋಗಿ ನೋಡ್ತೀನಿ,” ಎಂದೆ.

“ನೋಡೂದೇನೈತಿ? ಬರದ ಬಿಡ್ರಿ. ಗುರುವಾರ ನೀವು ಓದಿದ ಕೂಡ್ಲೆ ತಾನ ಸರಿ ಹೊಕ್ಕೈತಿ.” ಅವಳು ದನಿ ತಗ್ಗಿಸಲಿಲ್ಲ. ತಗ್ಗಿಸುವ ಅಗತ್ಯವೂ ಇರಲಿಲ್ಲ. ಅವಳ ಮಾತು ಹತ್ತೊಂಬತ್ತಕ್ಕೆ ಹೋಗುತ್ತಿತ್ತು, ಹದಿನೇಳಕ್ಕೆ ಅಲ್ಲ.

ನಮ್ಮ ಊರಿನಲ್ಲಿ ಗಾಳಿ ಬೀದಿಯಲ್ಲಿ ಬೀಸುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಅದು ಪ್ರತಿ ಸಾಲಿನ ಒಂದನೇ ಮನೆಯ ಮುಂಬಾಗಿಲಿನಿಂದ ಒಳಗೆ ಬರುತ್ತದೆ, ಹಿತ್ತಲ ಬಾಗಿಲಿನಿಂದ ಹೊರಟು ಎರಡನೇ ಮನೆಯನ್ನು ಹೊಗುತ್ತದೆ, ಹಾಗೆಯೇ ಇಪ್ಪತ್ತನಾಲ್ಕು ಮನೆ ದಾಟಿ ಸಾಲಿನ ಕೊನೆಯಲ್ಲಿರುವ ರಾಟೆಯನ್ನು ತಿರುಗಿಸುತ್ತದೆ. ಹನ್ನೆರಡೂವರೆಗೆ ನಿಲ್ಲುತ್ತದೆ. ಆ ಎರಡು ಗಂಟೆ ಬೀದಿಯ ಬೇವಿನ ಮರದಲ್ಲಿ ಒಂದೆಲೆಯೂ ಅಲುಗುವುದಿಲ್ಲ. ಮನೆಗಳನ್ನು ಒಂದರ ಬೆನ್ನಿಗೆ ಇನ್ನೊಂದರ ಮುಖ ಬರುವಂತೆ ಕಟ್ಟಿದ್ದಾರೆ, ನಡುವೆ ಎರಡು ಹೆಜ್ಜೆಯ ಅಂಗಳ ಅಷ್ಟೇ. ಹಪ್ಪಳವನ್ನು ಮಾಳಿಗೆಯ ಮೇಲೆ ಹಾಕುವುದಿಲ್ಲ, ನಡುಮನೆಯಲ್ಲಿ ಹಗ್ಗ ಕಟ್ಟಿ ತೂಗುಬಿಡುತ್ತೇವೆ. ಹತ್ತು ಗಂಟೆಯಾಯಿತೆಂದರೆ ಕಾಗದಗಳ ಮೇಲೆ ಗುಂಡುಕಲ್ಲು ಬರುತ್ತದೆ, ದೇವರ ದೀಪ ಗೂಡಿನೊಳಕ್ಕೆ ಹೋಗುತ್ತದೆ, ಸೆರಗು ಸೊಂಟ ಸೇರುತ್ತದೆ.

ಗಾಳಿಯ ಜೊತೆ ಮಾತೂ ಹೋಗುತ್ತದೆ. ಐದನೇ ಮನೆಯಲ್ಲಿ ಆಡಿದ್ದು ಆರರಿಂದ ಇಪ್ಪತ್ತನಾಲ್ಕರವರೆಗೆ ಎಲ್ಲರಿಗೂ ಕೇಳುತ್ತದೆ, ನಾಲ್ಕಕ್ಕೆ ಕೇಳುವುದಿಲ್ಲ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಮನೆ ಮೇಲಿನದೋ ಕೆಳಗಿನದೋ ಎಂದೇ. ನಮ್ಮ ಸಾಲಿನ ಒಂಬತ್ತನೇ ಮನೆಯವನು ಹದಿನಾಲ್ಕರಲ್ಲಿರುವ ತಮ್ಮನನ್ನು ಹನ್ನೊಂದು ವರ್ಷದಿಂದ ದಿನವೂ ಕುಳಿತಲ್ಲಿಂದಲೇ ಬೈಯುತ್ತಾನೆ. ಉತ್ತರ ಕೊಡಬೇಕೆಂದರೆ ತಮ್ಮ ಬಿಸಿಲಲ್ಲಿ ಬೀದಿ ಸುತ್ತಿ ಎಂಟನೇ ಮನೆಯವರ ಅಪ್ಪಣೆ ಪಡೆದು ಅವರ ಹಿತ್ತಲಲ್ಲಿ ನಿಂತು ಕೂಗಬೇಕು. ಎರಡು ಸಲ ಬಂದಿದ್ದಾನೆ. ದ್ಯಾಮವ್ವನಂಥ ವಯಸ್ಸಾದವರನ್ನು ಬಿಟ್ಟರೆ ಹೆಂಗಸರು ಗಾಳಿಯ ಹೊತ್ತಿನಲ್ಲಿ ಮಾತಾಡುವುದನ್ನು ಚಿಕ್ಕಂದಿನಲ್ಲೇ ಬಿಡುತ್ತಾರೆ. ಆಮೇಲೆ ರೂಢಿ ತಪ್ಪಿ ಉಳಿದ ಹೊತ್ತಿನಲ್ಲೂ ಕಡಿಮೆ ಮಾತಾಡುತ್ತಾರೆ. ಇದನ್ನು ಯಾರೂ ಕೊರತೆ ಎಂದು ತಿಳಿದಿಲ್ಲ.

ಮುಖ್ಯಾಧಿಕಾರಿ ಹಂಚಿನಾಳ ಸಾಹೇಬರು ಬರುವ ಮೊದಲು ರಾಟೆ ತಿರುಗಿದಷ್ಟು ತಿರುಗಲಿ ಎಂದು ಊರು ಸುಮ್ಮನಿತ್ತು. ಪುರಸಭೆಯ ಹಿಂದೆ ಎಣ್ಣೆಯಿಂದ ಓಡುವ ಒಂದು ಯಂತ್ರವಿತ್ತು. ಗಾಳಿ ಕಡಿಮೆಬಿದ್ದದ್ದನ್ನು ಅದು ತುಂಬುತ್ತಿತ್ತು, ಮತ್ತು ಅದರ ಹೊಗೆಯಿಂದ ಆ ಕಡೆಯ ಗೋಡೆಗಳೆಲ್ಲ ಕಪ್ಪಾಗಿದ್ದವು. ಎರಡು ವರ್ಷದ ಹಿಂದೆ ಸಾಹೇಬರು ಬಂದವರೇ ಅದರ ಪಟ್ಟಿ ಬಿಚ್ಚಿಸಿದರು. ಊರಿನ ಗಾಳಿ ಊರಿಗೆ ಸಾಕು ಎಂದು ಗೋಡೆಗಳ ಮೇಲೆ ಬರೆಸಿದರು. ಅವರು ಕೆಟ್ಟವರಲ್ಲ. ಸೈಕಲ್ಲಿನಲ್ಲಿ ಓಡಾಡುತ್ತಾರೆ, ತಮ್ಮ ಕೋಣೆಯ ದೀಪ ತೆಗೆಸಿ ಕಿಟಕಿಯ ಬಳಿ ಕುಳಿತು ಸಹಿ ಮಾಡುತ್ತಾರೆ. ಮೊದಲು ಹೊಸ್ತಿಲುಗಳನ್ನು ಕೆತ್ತಿಸಿ ತಗ್ಗಿಸಿದರು, ಆಮೇಲೆ ಪರದೆ ತೆಗೆಸಿದರು, ಕಪಾಟುಗಳನ್ನು ಗೋಡೆಗೆ ಸರಿಸಿದರು. ಕೊನೆಗೆ ಒಳಬಾಗಿಲುಗಳನ್ನೆಲ್ಲ ಕಿತ್ತು ಗಾಡಿಯಲ್ಲಿ ಹೇರಿಕೊಂಡು ಹೋದರು. ಬಾಗಿಲಿದ್ದರೆ ಯಾರಾದರೊಬ್ಬರು ಮುಚ್ಚಿಯೇ ಮುಚ್ಚುತ್ತಾರೆ ಎಂಬುದು ಅವರ ವಾದ. ಸ್ನಾನ, ಬಟ್ಟೆ ಬದಲಿಸುವುದು ಎಲ್ಲ ಹತ್ತರೊಳಗೆ ಮುಗಿಸುವುದನ್ನು ನಾವು ಕಲಿತೆವು.

ಮೂರು ಸಾಲುಗಳಿಗೆ ‘ಸೋರಿಕೆ ಇಲ್ಲದ ಸಾಲು’ ಎಂಬ ಹಸಿರು ಫಲಕ ಬಂದಿತ್ತು. ನಮ್ಮ ನಾಲ್ಕನೇ ಸಾಲಿಗೆ ಬಂದಿರಲಿಲ್ಲ. ಫಲಕದ ಮಾತು ಹಾಗಿರಲಿ, ನಮ್ಮ ಸಾಲಿನ ರಾಟೆಯೇ ಹೆರಿಗೆ ಆಸ್ಪತ್ರೆಯ ನೀರನ್ನು ಮೇಲಿನ ತೊಟ್ಟಿಗೆ ಎತ್ತಬೇಕು. ಅದಕ್ಕೆ ಕೊನೆಯಲ್ಲಿ ಮೂವತ್ತು ಸುತ್ತಿನ ಗಾಳಿ ಬೇಕು. ನಮ್ಮಲ್ಲಿ ಇಪ್ಪತ್ನಾಲ್ಕು ಬರುತ್ತಿತ್ತು.

ಅಳೆಯುವ ಕೆಲಸ ನನ್ನದು. ಮೊದಲು ಪುರಸಭೆಯಲ್ಲಿ ಜನನ ಮರಣ ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗಿದೆ, ಎಣಿಕೆ ತಪ್ಪುವುದಿಲ್ಲ ಎಂದು ಸಾಹೇಬರು ಈ ವರ್ಷ ಇದಕ್ಕೆ ಹಾಕಿದರು. ಅಳತೆಯ ಉದ್ಘಾಟನೆಯ ದಿನ ವಾದ್ಯ ಬಾರಿಸಿ, ಮೊದಲ ಮೂರು ಮನೆಗಳನ್ನು ಸಾಹೇಬರೇ ಸ್ವತಃ ಅಳೆದು ಸೋರಿಕೆ ಇಲ್ಲ ಎಂದು ಸಾರಿದರು. ಹಾಗಾಗಿ ನನ್ನ ಹಾಳೆ ನಾಲ್ಕನೇ ಮನೆಯಿಂದ ಶುರುವಾಗುತ್ತದೆ. ಮೂರನೆಯದು ನಮ್ಮ ಮನೆ.

ಸೋರುವ ಮನೆಗಳನ್ನು ಓದುವ ಪದ್ಧತಿ ಹೀಗೆ. ಗುರುವಾರ ಹತ್ತೂವರೆಗೆ, ಒಂದನೇ ಮನೆಯ ಕಟ್ಟೆಯ ಮೇಲೆ ನಿಂತು, ಗಾಳಿ ಹೊರಟ ಕೂಡಲೇ ಅಳೆಯುವವಳು ಮನೆಯ ಸಂಖ್ಯೆ, ಸುತ್ತು, ಕಾರಣ ಮೂರನ್ನೂ ಗಟ್ಟಿಯಾಗಿ ಓದಬೇಕು. ಕಾಗದ ಅಂಟಿಸುವ ಖರ್ಚಿಲ್ಲ, ಎಲ್ಲರಿಗೂ ಅವರವರ ಮನೆಯೊಳಗೇ ಕೇಳುತ್ತದೆ. ಮೂರು ದಿನದಲ್ಲಿ ಕಾರಣ ತೆರವಾಗಬೇಕು. ಎರಡನೇ ಸಾಲಿನಲ್ಲಿ ಒಬ್ಬ ಸೊಸೆ ಒಲೆಯ ಮುಂದೆ ಹಳೇ ಹೊದಿಕೆ ಕಟ್ಟಿಕೊಂಡಿದ್ದಳು. ಅದನ್ನು ಓದಿದರು. ಹೊದಿಕೆ ಅಂದೇ ಹೋಯಿತು. ಅವಳನ್ನು ಈಗಲೂ ಸಂತೆಯಲ್ಲಿ ಹೊದಿಕಿ ಪಾರವ್ವ ಎಂದೇ ಕರೆಯುತ್ತಾರೆ, ಅವಳ ಮಗಳನ್ನು ಹೊದಿಕಿ ಪಾರವ್ವನ ಮಗಳು ಎನ್ನುತ್ತಾರೆ.

ಮಂಗಳವಾರ ಹದಿನೇಳನೇ ಮನೆಗೆ ಹೋದೆ. ಹನ್ನೊಂದು ಜನರ ಮನೆ. ಗಂಡಸರು ಅಂಗಡಿಗೆ ಹೋಗಿದ್ದರು. ಮುಂಬಾಗಿಲ ಪಕ್ಕ ಕಣ್ಣು ಮಂಜಾದ ಅತ್ತೆ ಚಾಪೆಯ ಮೇಲೆ ಕುಳಿತಿದ್ದಳು, ಮೂರು ನಿಮಿಷಕ್ಕೊಮ್ಮೆ “ನೀಲೂ” ಎಂದು ಕರೆಯುತ್ತಿದ್ದಳು, ಏನೂ ಬೇಕಾಗಿರಲಿಲ್ಲ. ನೀಲಗಂಗವ್ವ ಹಿರಿಸೊಸೆ, ನಲವತ್ತರ ಆಸುಪಾಸು, ಅಗಲ ಮುಖದ ಹೆಂಗಸು. ನನ್ನ ಕೈಯಲ್ಲಿ ಸುತ್ತುಗೋಲು ಕಂಡು ನೀರು ತಂದುಕೊಟ್ಟಳು, ಬೆಲ್ಲವನ್ನೂ ತಂದಳು. ಮನೆಯಲ್ಲಿ ಎಲ್ಲವೂ ನಿಯಮದಂತೆ ಇತ್ತು. ಹೊಸ್ತಿಲು ನುಣ್ಣಗೆ ಕೆತ್ತಿದ್ದರು, ಒಳಬಾಗಿಲಿನ ಗುರುತಿಗೆ ಗೋಡೆಯಲ್ಲಿ ಬರೀ ಬಿಜಾಗರಿಯ ತೂತು. ನಡುಮನೆಯ ಕೊನೆಗೂ ಮೂವತ್ತೆಂಟೇ. ಅಡಿಗೆಮನೆ ದಾಟಿದರೆ ಮೂವತ್ತೊಂದು.

ಇಂಥ ಕಡೆ ನಾನು ಹತ್ತಿಯ ಎಳೆ ಬಿಡುತ್ತೇನೆ. ಎಳೆ ಒಲೆಯ ತನಕ ನೇರ ಹೋಯಿತು, ಅಲ್ಲಿ ಬಲಕ್ಕೆ ತಿರುಗಿತು, ಜೋಳದ ಕಣಜದ ಹಿಂದೆ ಹೋಗಿ ಮರೆಯಾಯಿತು. ಇನ್ನೊಂದು ಬಿಟ್ಟೆ. ಅದೂ ಹಾಗೆಯೇ. ಹತ್ತಿರ ಹೋಗಿ ನೋಡಿದೆ. ಕಣಜವನ್ನು ಗೋಡೆಗೆ ತಾಗಿಸದೆ ಸ್ವಲ್ಪ ಓರೆಯಾಗಿ ಇಟ್ಟಿದ್ದರು. ನಡುವೆ ಒಬ್ಬ ಹೆಂಗಸು ಮೈ ತಿರುಗಿಸಿ ತೂರುವಷ್ಟು ಸಂದು. ನನ್ನ ಎರಡೂ ಎಳೆಗಳು ಒಳಗೆ ಸೊಂಟದ ಎತ್ತರದಲ್ಲಿ ನೆಲಕ್ಕೆ ಬೀಳದೆ ಸುಮ್ಮನೆ ನಿಂತಿದ್ದವು. ನೆಲದ ಮಣ್ಣು ಎರಡು ಪಾದದಷ್ಟು ಜಾಗದಲ್ಲಿ ನುಣುಪಾಗಿತ್ತು.

ನೀಲಗಂಗವ್ವ ನನ್ನ ಹಿಂದೆಯೇ ನಿಂತಿದ್ದಳು. ಬೆರಳಿನಿಂದ ಸಂದಿನ ಕಡೆ ತೋರಿಸಿ, ಹೋಗಿ ನಿಲ್ಲಿ ಎಂಬಂತೆ ತಲೆಯಾಡಿಸಿದಳು. ನಾನು ಕೋಲನ್ನು ಅವಳ ಕೈಗೆ ಕೊಟ್ಟು ಒಳಗೆ ತೂರಿದೆ.

ಅಲ್ಲಿ ಗಾಳಿ ಇತ್ತು, ಬೀಸುತ್ತಿರಲಿಲ್ಲ. ಅತ್ತೆಯ ದನಿ ಕೇಳಲಿಲ್ಲ, ಒಂಬತ್ತನೇ ಮನೆಯವನ ಬೈಗುಳವೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಈ ಕೆಲಸಕ್ಕೆ ಬಂದಮೇಲೆ ನಾನು ಎಲ್ಲವನ್ನೂ ಎಣಿಸುತ್ತಿದ್ದೆ. ಮೆಟ್ಟಿಲು, ರೊಟ್ಟಿಯ ಬಡಿತ, ಗಂಡನ ಗುಟುಕು, ನಿದ್ದೆಗೆ ಜಾರುವಾಗ ನನ್ನದೇ ಉಸಿರು. ಎಣಿಸುತ್ತಿದ್ದೇನೆ ಎಂದು ತಿಳಿದದ್ದೇ ಅದು ನಿಂತಾಗ. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಹೇಳಲಾರೆ.

ಹೊರಗೆ ಬಂದಾಗ ಗಾಳಿ ನಿಂತಿತ್ತು. ಹನ್ನೆರಡೂವರೆ ಆಗಿಹೋಗಿತ್ತು. ಈಗ ಮಾತಾಡಬಹುದಿತ್ತು.

“ಯಾವಾಗಿಂದ?” ಎಂದು ಕೇಳಿದೆ.

“ಬಾಗಲಾ ಕಿತ್ಕೊಂಡ ಹೋದ ಮ್ಯಾಲ್ರಿ,” ಎಂದಳು. “ಬಾಗಲಾ ಇದ್ದಾಗ ಈ ಸಂದಿ ಬೇಕಾಗಿದ್ದಿಲ್ಲ. ಒಂದಿನ ಕಸಾ ಹೊಡ್ಯಾಕ ಕಣಜಾ ಸರಿಸಿದ್ದೆ. ವಾಪಸ್ ಇಡೂಮುಂದ ಹಂಗ ಬಿಟ್ಟೆ.”

“ಏನ ಮಾಡ್ತಿ ಅಲ್ಲಿ?”

“ಏನೂ ಮಾಡಾಂಗಿಲ್ರಿ. ನಿಂದರ್ತೀನಿ. ಕಾಲ ತಾಸು, ಭಾಳಾದ್ರ ಅರ್ಧ ತಾಸು.” ಅವಳು ಕೋಲನ್ನು ನನಗೆ ಹಿಂದಿರುಗಿಸಿದಳು. “ಬರೀಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ ಬಾಯಾರ. ಕಣಜಾ ಸರಸು ಅಂದ್ರ ಇವತ್ತ ಸರಿಸ್ತೀನಿ. ಆದ್ರ ಓದಬ್ಯಾಡ್ರಿ. ಕಣಜದ ಹಿಂದ ಅಕಿ ಏನ ಮಾಡ್ತಾಳ ಅಂತ ಇಡೀ ಸಾಲ ಕೇಳತೈತಿ. ನಮ್ಮ ಮನ್ಯಾಗೂ ಕೇಳ್ತಾರ. ಏನೂ ಮಾಡಾಂಗಿಲ್ಲ ಅಂದ್ರ ಯಾರೂ ನಂಬಂಗಿಲ್ಲ.”

ಅದು ನಿಜ. ನಾನೇ ಕೇಳಿದ್ದೆ, ನಾನೂ ಪೂರ್ತಿ ನಂಬಿರಲಿಲ್ಲ, ಒಳಗೆ ನಿಂತು ಬಂದಿದ್ದರೂ.

“ಓದದ ಹೆಂಗ ಬಿಡೂದು? ಕಾರಣ ಖಾಲಿ ಇದ್ರ ಸಾಹೇಬರ ತಾವ ಬರ್ತಾರ,” ಎಂದೆ.

“ಹೌದ್ರಿ, ಅದೂ ಖರೇನ,” ಎಂದಳು. ಹೊರಗಿನಿಂದ “ನೀಲೂ” ಎಂಬ ಕರೆ ಬಂತು. “ಬಂದೆ ಅತ್ತಿ,” ಎಂದು ಸೆರಗು ಸರಿಪಡಿಸಿಕೊಂಡು ಹೋದಳು.

ನಾನು ಕರುಣೆಯಿಂದ ಕೆಲಸ ಮಾಡುವವಳಲ್ಲ. ಬುಧವಾರ ಗಾಳಿ ಶುರುವಾಗುವ ಹೊತ್ತಿಗೆ ಸಾಲಿನ ಕೊನೆಯ ಆಸ್ಪತ್ರೆಗೆ ಹೋದೆ. ಆರು ಸುತ್ತು ಎಂದರೆ ಏನು ಎಂದು ಕಣ್ಣಿನಿಂದ ನೋಡಿದರೆ ಬರೆಯುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ನೀರು ಕೆಳಗಿನ ತೊಟ್ಟಿಗೆ ಬಂದು ನಿಂತುಬಿಡುತ್ತಿತ್ತು. ಬಾಣಂತಿಯರ ಕೋಣೆ ಮಾಳಿಗೆಯಲ್ಲಿ. ಆಯಾ ಹುಸೇನಬಿ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಅವಳಿಗೆ ನನಗಿಂತ ಎರಡು ಮೂರು ವರ್ಷ ಹೆಚ್ಚೇ ಇರಬೇಕು.

“ಇದು ಎಷ್ಟನೇದು?” ಎಂದು ಕೇಳಿದೆ.

“ನೀವ ಎಣಸ್ರಿ, ಎಣಸೂದು ನಿಮ್ಮ ನೌಕರಿ,” ಎಂದಳು, ನಿಲ್ಲದೆ. ತಿರುವಿನಲ್ಲಿ ಕೊಡವನ್ನು ಗೋಡೆಗೆ ಆನಿಸಿ ಉಸಿರೆಳೆದುಕೊಂಡಳು. “ಎಣ್ಣಿ ಮಷೀನ ಇದ್ದಾಗ ಹೊಗಿ ಕುಡಿದು ಕೆಮ್ಮತಿದ್ವಿ. ಈಗ ಹೊಗಿ ಇಲ್ಲ, ಮಂಡಿ ಇಲ್ಲ. ಸಾಹೇಬ ಒಳ್ಳೇಂವ ಬಿಡ್ರಿ, ಒಂದಿನ ತಾನೂ ಎರಡು ಕೊಡಾ ಹೊತ್ತಾನ. ಮರುದಿನ ಬರ್ಲಿಲ್ಲ.”

ನಾನೂ ಒಂದು ಕೊಡ ಎತ್ತಿಕೊಂಡೆ. ಮೂವತ್ನಾಲ್ಕು ಮೆಟ್ಟಿಲು. ಮೇಲಿನ ಕೋಣೆಯಲ್ಲಿ ಒಬ್ಬ ಹುಡುಗಿ ನಿನ್ನೆ ಹೆತ್ತವಳು ಗೋಡೆಗೆ ಒರಗಿ ಕುಳಿತಿದ್ದಳು, ನೀರು ಬರುವ ತನಕ ಹಾಗೆಯೇ ಕುಳಿತಿರಬೇಕಿತ್ತು. ಕೊಡ ಇಳಿಸುವಾಗ ಕೈ ತಪ್ಪಿ ಅರ್ಧ ನೀರು ನನ್ನ ಸೀರೆಯ ಮೇಲೆ ಬಿತ್ತು. ಹುಡುಗಿ ನಕ್ಕಳು. ಹುಸೇನಬಿ ನಗಲಿಲ್ಲ, ಚೆಲ್ಲಿದ ನೀರನ್ನೇ ನೋಡಿದಳು.

ಇನ್ನು ಬರೆಯುವುದೇ ಸರಿ ಎಂದು ತೀರ್ಮಾನಿಸಿದೆ. ಒದ್ದೆ ಸೀರೆಯಲ್ಲಿ ಅಳತೆ ಮಾಡಲಾಗದೆ ಬದಲಿಸಿಕೊಳ್ಳಲು ಮನೆಗೆ ಹೊರಟೆ. ಹನ್ನೊಂದೂವರೆ ಆಗಿದ್ದಿರಬೇಕು. ಬೀದಿಯುದ್ದಕ್ಕೂ ಗಾಳಿಯಿಲ್ಲದ ಬಿಸಿಲು. ನಡೆಯುತ್ತ ನೆನಪಾಯಿತು, ಗಾಳಿಯ ಹೊತ್ತಿನಲ್ಲಿ ನಮ್ಮ ಮನೆಯನ್ನು ನಾನು ಕಂಡು ಎಷ್ಟೋ ವರ್ಷವಾಗಿತ್ತು. ಮೊದಲು ಕಚೇರಿಯಲ್ಲಿರುತ್ತಿದ್ದೆ, ಈಗ ಬೇರೆಯವರ ಮನೆಗಳಲ್ಲಿರುತ್ತೇನೆ. ನಾಲ್ಕನೇ ಸಾಲಿನ ಇಪ್ಪತ್ತೊಂದು ಮನೆಗಳು ಆ ಹೊತ್ತಿನಲ್ಲಿ ಹೇಗಿರುತ್ತವೆ ಎಂದು ನನ್ನನ್ನು ಕೇಳಿದರೆ ಹೇಳಬಲ್ಲೆ.

ನಮ್ಮ ಮನೆಯವರು ನಡುಮನೆಯಲ್ಲಿ, ಮುಂಬಾಗಿಲಿಗೂ ಹಿತ್ತಲ ಬಾಗಿಲಿಗೂ ಸರಿಯಾಗಿ ನಡುವೆ, ತೋಳಿನ ಕುರ್ಚಿಯಲ್ಲಿ ಒರಗಿದ್ದರು. ಅಂಗಿಯ ಗುಂಡಿ ಬಿಚ್ಚಿತ್ತು. ಕಾಲುಗಳು ಒಂದು ಸ್ಟೂಲಿನ ಮೇಲೆ ಅಗಲವಾಗಿ ಇದ್ದವು, ಕೈಗಳು ಕುರ್ಚಿಯ ತೋಳಿನಿಂದಾಚೆ ಚಾಚಿಕೊಂಡಿದ್ದವು. ಇಡೀ ಗಾಳಿ ಬಂದು ಅವರಿಗೆ ಬಡಿದು ಅಂಗಿಯೊಳಗೆ ಹೊಕ್ಕು, ಅಂಗಿ ಕುಂಬಳಕಾಯಿಯಂತೆ ಉಬ್ಬಿತ್ತು. ಕಣ್ಣು ಮುಚ್ಚಿಕೊಂಡು ಸುಖವಾಗಿ ಮುಗುಳುನಗುತ್ತಿದ್ದರು. ಅವರು ಚಿತ್ರಕಲೆಯ ಮಾಸ್ತರರಾಗಿ ನಿವೃತ್ತರಾಗಿ ಎರಡು ವರ್ಷವಾ‌ಗಿದೆ.

ನಾನು ಸದ್ದು ಮಾಡದೆ ಮುಂಬಾಗಿಲಿಗೆ ಹೋಗಿ ಕೋಲು ಹಿಡಿದೆ. ಐವತ್ತೆಂಟು. ಬೀದಿಯಿಂದ ಸುತ್ತಿ ಹಿತ್ತಲಿಗೆ ಬಂದು ಹಿಡಿದೆ. ಐವತ್ತೊಂದು.

ನಾಲ್ಕನೇ ಮನೆಯ ಹೊಸ್ತಿಲಲ್ಲಿ ಐವತ್ತೊಂದು ಎಂದು ಎಷ್ಟು ದಿನ ಬರೆದಿದ್ದೆನೋ. ಉದ್ಘಾಟನೆಯ ದಿನ ಅಲ್ಲಿ ಐವತ್ತೇಳಿತ್ತು. ಅಂದು ನಮ್ಮ ಮನೆಯವರು ಹೂಹಾರ ಹಿಡಿದು ಬೀದಿಯಲ್ಲಿ ನಿಂತಿದ್ದರು. ಆ ಮೇಲೆ ದಿನವೂ ಆರು ಕಡಿಮೆ ಇದ್ದದ್ದನ್ನು ಗಾಳಿ ದಿನಕ್ಕೊಂದು ತರ ಇರುತ್ತದೆ ಎಂದು ನಾನು ಬಿಟ್ಟುಬಿಟ್ಟಿದ್ದೆ. ಐವತ್ತೇಳರಲ್ಲಿ ಐವತ್ತೊಂದನ್ನು ಕಳೆಯಲು ದುಂಡಗಿನ ಅಕ್ಷರದ ಹೆಂಗಸು ಬೇಕಿಲ್ಲ, ಯಾವ ಮಗುವಾದರೂ ಕಳೆಯುತ್ತಿತ್ತು.

ಆಗ ಮಾತಾಡಿದರೆ ನಾಲ್ಕರಿಂದ ಕೆಳಗೆ ಎಲ್ಲರಿಗೂ ಕೇಳುತ್ತಿತ್ತು. ಸೀರೆ ಬದಲಿಸಿಕೊಂಡು ಗಾಳಿ ನಿಲ್ಲುವವರೆಗೆ ಅಡಿಗೆಮನೆಯಲ್ಲಿ ಕುಳಿತೆ. ಊಟಕ್ಕೆ ಬಡಿಸುವಾಗ ಹೇಳಿದೆ.

“ಗಾಳಿ ಹೊತ್ತಿನ್ಯಾಗ ಕುರ್ಚಿ ಗ್ವಾಡಿ ಕಡೆ ಹಾಕ್ಕೋತೀರೇನು? ಆರು ಸುತ್ತ ಹೊಂಟೈತಿ.”

ಅವರು ತುತ್ತು ನಿಲ್ಲಿಸಿ ನಕ್ಕರು. “ನಾ ಏನ ಕಪಾಟೇನ? ನಿಮ್ಮ ನಿಯಮದಾಗ ಹೊಸ್ತಿಲಾ ಐತಿ, ಪರದೆ ಐತಿ, ಬಾಗಲಾ ಐತಿ. ಮನುಷ್ಯಾ ಅಂತ ಎಲ್ಲೈತಿ ತೋರಸು.”

“ಮನುಷ್ಯಾ ಅಂತ ಇಲ್ಲ.”

“ಮತ್ತ?” ಮಜ್ಜಿಗೆಗೆ ಬಟ್ಟಲು ಚಾಚಿದರು. “ಮೂವತ್ತೆರಡು ವರ್ಷ ಸೀಮೆಸುಣ್ಣದ ಧೂಳಾ ಕುಡದೀನಿ. ಮುಂಜಾನಿ ಎರಡು ತಾಸು ಗಾಳಿ ಕುಡಿಯಾಕ ನನಗ ಹಕ್ಕಿಲ್ಲೇನು? ನೀ ಒಬ್ಬಾಕಿ ಊರ ಉದ್ಧಾರ ಮಾಡಾಕ ಹೊಂಟೀ ಅಂತ ನಾ ನನ್ನ ಮನ್ಯಾಗ ಮೂಲ್ಯಾಗ ಕುಂದರ್ಲೇನು?”

“ಆಸ್ಪತ್ರ್ಯಾಗ ನೀರ ಹೊರಾಕತ್ತಾರ.”

“ಹದಿನೇಳರಾಗ ಸೋರತೈತಿ ಅಂತ ಇಡೀ ಸಾಲಿಗೇ ಗೊತ್ತೈತಿ. ಅದನ್ನ ಓದು. ನಿನ್ನ ಆರು ಸುತ್ತ ಅಲ್ಲೇ ಸಿಗತೈತಿ, ನೀರೂ ಏರತೈತಿ.” ಕೈ ತೊಳೆಯಲು ಎದ್ದವರು ನನ್ನ ಭುಜ ತಟ್ಟಿದರು. ಅದರಲ್ಲಿ ಸಿಟ್ಟಿರಲಿಲ್ಲ. “ತಲಿ ಕೆಡಿಸ್ಕೋಬ್ಯಾಡ ವತ್ಸಲಾ.”

ಅವರು ಹೇಳಿದ್ದರಲ್ಲಿ ಲೆಕ್ಕದ ತಪ್ಪಿರಲಿಲ್ಲ. ನಮ್ಮ ಮನೆಯ ಆರಾಗಲಿ ಹದಿನೇಳರ ಆರಾಗಲಿ, ಯಾವುದೊಂದು ಮರಳಿದರೂ ಕೊನೆಯಲ್ಲಿ ಮೂವತ್ತಾಗುತ್ತದೆ. ಅವರೂ ನೀಲಗಂಗವ್ವನಂತೆ ಯಾವುದೋ ಒಂದನ್ನು ಬೇರೆಯವರು ಕಿತ್ತುಕೊಂಡ ಮೇಲೆ ಉಳಿದದ್ದರಲ್ಲಿ ಸ್ವಲ್ಪ ತೆಗೆದಿಟ್ಟುಕೊಂಡವರೇ ಇರಬಹುದು. ಎಂಜಲು ಬಳಿಯುತ್ತ ಅದನ್ನು ಯೋಚಿಸಿದೆ. ಒಬ್ಬರಿಗೆ ಕಣಜದ ಹಿಂದೆ ಓರೆಯಾಗಿ ತೂರಬೇಕು, ಇನ್ನೊಬ್ಬರಿಗೆ ಅಂಗಿ ಬಿಚ್ಚಿ ನಡುವೆ ಕುಳಿತರೆ ಸಾಕು. ಇಷ್ಟು ವ್ಯತ್ಯಾಸ ಯಾವ ಕಾಲಮ್ಮಿನಲ್ಲಿಯೂ ಬರೆಯಲು ಬರುವಂಥದ್ದಲ್ಲ.

ಗುರುವಾರ ಬೆಳಿಗ್ಗೆ ನಾನು ಹೊರಡುವಾಗ ಅವರು ಸ್ಟೂಲನ್ನು ಒರೆಸಿ ಇಡುತ್ತಿದ್ದರು. “ಜೋರಾಗಿ ಓದು,” ಎಂದರು. “ಹಿಂದಿನ ವಾರ ಕೊನೀ ಮನಿಗೆ ಸರಿಯಾಗಿ ಕೇಳ್ಲಿಲ್ಲಂತ.”

ಒಂದನೇ ಮನೆಯ ಮುಂದೆ ಸಾಹೇಬರ ಸೈಕಲ್ ನಿಂತಿತ್ತು. ಅವರು ತೊಡೆಯ ಮೇಲೆ ಹಸಿರು ಫಲಕ ಇಟ್ಟುಕೊಂಡು ಅದರ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಫಲಕ ನಮ್ಮ ಸಾಲಿನದು, ಮೂರು ತಿಂಗಳ ಹಿಂದೆಯೇ ಬರೆಸಿಟ್ಟದ್ದು.

“ಹದಿನೇಳರ ಕಾರಣ ಸಿಕ್ತೇನ್ರಿ ವತ್ಸಲಾಬಾಯಿ?”

“ನೋಡೀನ್ರಿ ಸರ್.”

“ಮನಿಯವರು ತಕರಾರು ಮಾಡಿದ್ರೇನು?”

“ಇಲ್ರಿ.”

“ಯಾರೂ ಬೇಕಂತ ಮಾಡೂದಿಲ್ಲ, ನನಗ ಗೊತ್ತೈತಿ,” ಎಂದರು. “ಜನಕ್ಕ ಕಾಣಿಸಿಕೊಟ್ಟರ ತಾವ ಸರಿ ಮಾಡ್ಕೋತಾರ. ಕಾಣಿಸೂದಷ್ಟ ನಮ್ಮ ಕೆಲಸ.” ಫಲಕವನ್ನು ತಿರುಗಿಸಿ ಬೆನ್ನನ್ನೂ ಒರೆಸತೊಡಗಿದರು.

ಹತ್ತು ಗಂಟೆ ಇಪ್ಪತ್ತು ನಿಮಿಷ. ಸಾಲಿನ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡಿದ್ದವು, ಒಂದರೊಳಗೆ ಒಂದು, ಚಿಕ್ಕದಾಗುತ್ತ, ಕೊನೆಯಲ್ಲಿ ರಾಟೆಯ ಒಂದು ಕಡ್ಡಿ ಕಾಣುತ್ತಿತ್ತು. ಎರಡು ಮನೆ ಆಚೆ ನಡುವಿನಲ್ಲಿ ಒಂದು ಬಿಳಿಯ ಅಂಗಿ ಬಂದು ಕುಳಿತು ಆ ನೋಟವನ್ನು ಮುಚ್ಚಿತು. ದ್ಯಾಮವ್ವ ಸೊಪ್ಪು ಬದಿಗಿಟ್ಟು ಕುಳಿತಿರುತ್ತಾಳೆ. ನೀಲಗಂಗವ್ವ ಎಲ್ಲಿ ನಿಂತಿದ್ದಾಳೋ, ಸಂದಿನೊಳಗೆ ನಿಂತಿದ್ದರೆ ಅವಳಿಗೊಬ್ಬಳಿಗೆ ನಾನು ಓದುವುದು ಕೇಳುವುದಿಲ್ಲ. ಅವಳು ಅಲ್ಲಿ ನಿಂತಿರಲಾರಳು. ಇವತ್ತು ನಿಲ್ಲುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ.

ನಾನು ಕಂಬಕ್ಕೆ ಹಾಳೆ ಒತ್ತಿಹಿಡಿದು ಪೆನ್ಸಿಲ್ ತೆಗೆದೆ. ಹದಿನೇಳರ ಮುಂದೆ ಏಳನ್ನು ಉಜ್ಜಿ ಒಂದು ಎಂದು ಬರೆದೆ. ಅದು ಸುಳ್ಳು. ಹನ್ನೊಂದು ತಿಂಗಳಿನಲ್ಲಿ ನಾನು ತಿಳಿದು ಬರೆದ ಮೊದಲ ಸುಳ್ಳು, ಅಕ್ಷರ ಎಂದಿನಂತೆ ದುಂಡಗೇ ಬಂತು. ಹಾಳೆ ನಾಲ್ಕರಿಂದ ಶುರುವಾಗುತ್ತದೆ. ಅದರ ಮೇಲೆ ಪುರಸಭೆಯ ಹೆಸರಿನ ಕೆಳಗೆ ಒಂದು ಬೆರಳಷ್ಟು ಜಾಗ ಖಾಲಿ ಇತ್ತು. ಅಲ್ಲಿ ಮನೆ ಮೂರು, ಸುತ್ತು ಏಳು ಎಂದು ಬರೆದೆ. ಕಾರಣದ ಕಡೆ ಬಂದಾಗ ಕೈ ನಿಂತಿತು. ಕುರ್ಚಿ ಎಂದು ಬರೆಯಬಹುದಿತ್ತು. ಕುರ್ಚಿ ಸಾಮಾನು, ನಿಯಮದೊಳಗೇ ಬರುತ್ತದೆ, ಅವರೂ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಕುರ್ಚಿ ಎಂದರೆ ಕುರ್ಚಿ ಸರಿಯುತ್ತದೆ. ಅವರು ಅಲ್ಲೇ ಒಂದು ಮಂಚ ಹಾಕಿಕೊಳ್ಳುತ್ತಾರೆ.

ಗುರುಪಾದಪ್ಪ ಎಂದು ಬರೆದೆ. ಮದುವೆಯ ದಿನ ಎಲ್ಲರೂ ಬಲವಂತ ಮಾಡಿ ಒಗಟು ಕಟ್ಟಿಸಿ ಹೇಳಿಸಿದ್ದನ್ನು ಬಿಟ್ಟರೆ, ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ನಮ್ಮಲ್ಲಿ ಯಾವ ಹೆಂಗಸಿನ ಬಾಯಿಂದಲೂ ಗಂಡನ ಹೆಸರು ಬರುವುದಿಲ್ಲ. ಆಸ್ಪತ್ರೆಯಲ್ಲಿ ಬರೆಸುವಾಗಲೂ ಪಕ್ಕದವರಿಂದ ಹೇಳಿಸುತ್ತೇವೆ. ಜನನ ಮರಣದ ಪುಸ್ತಕ ಬರೆಯುವಾಗ ನಾನು ಎಷ್ಟೋ ಹೆಂಗಸರಿಗೆ, ಕಿವಿಯಲ್ಲಿ ಹೇಳಿ ಸಾಕು ಎಂದಿದ್ದೆ. ಅವರು ಅದಕ್ಕೂ ಒಪ್ಪದೆ ನನ್ನ ಪೆನ್ನು ಕಸಿದುಕೊಂಡು ಬರಲಾರದ ಅಕ್ಷರದಲ್ಲಿ ತಾವೇ ಬರೆದು ಕೊಡುತ್ತಿದ್ದರು.

“ಏನ ತಿದ್ದಾಕತ್ತೀರಿ?” ಎಂದು ಸಾಹೇಬರು ಕುಳಿತಲ್ಲಿಂದಲೇ ಕೇಳಿದರು.

“ಏನಿಲ್ರಿ ಸರ್, ಪೆನ್ಸಿಲ್ ಮಸಕಾಗಿತ್ತು,” ಎಂದೆ.

ಅವರು ಕೈಗಡಿಯಾರ ನೋಡಿಕೊಂಡು, ಇನ್ನೆರಡು ನಿಮಿಷ ಎಂದು ಎರಡು ಬೆರಳು ತೋರಿಸಿದರು. ನಾನು ಕಟ್ಟೆ ಹತ್ತಿ ಬಾಗಿಲುಗಳ ಕಡೆ ಮುಖ ಮಾಡಿ ನಿಂತೆ. ಹಾಳೆಯನ್ನು ಎದೆಗೆ ಮಗುಚಿ ಹಿಡಿದುಕೊಂಡೆ. ತುಟಿ ಅಲುಗದಂತೆ ಆ ಹೆಸರನ್ನು ಒಮ್ಮೆ ಒಳಗೇ ಹೇಳಿ ನೋಡಿದೆ, ಐದೂ ಅಕ್ಷರ ಸರಿಯಾಗಿ ಬಂದವು. ಗಾಳಿ ಬೆನ್ನಿಗೆ ತಾಗುವುದನ್ನು ಕಾಯುತ್ತ ನಿಂತೆ.